ಎಂಟುನೂರು ಕಪ್, ಒಂದು ಹರವಿ

ಪುಣೆಯಲ್ಲಿ ಇಬ್ಬರು ಕನ್ನಡಿಗರು ಎದುರಾದರೆ ಮೊದಲ ಪ್ರಶ್ನೆ ‘ಯಾವೂರು?’, ಎರಡನೆಯದು ‘ಯಾವ ಕಂಪನಿ?’. ಹಿಂಜೆವಾಡಿ, ಖರಾಡಿ, ಮಗರಪಟ್ಟಾ, ಇಷ್ಟರಲ್ಲಿ ಯಾವುದೋ ಒಂದು ಉತ್ತರವಾಗಿ ಬರಬೇಕು. ‘ಧಾಯರಿಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದಿದ್ದೇನೆ, ಮಣ್ಣಿನ ಪಾತ್ರೆ ಮಾಡುತ್ತೇನೆ’ ಎಂದರೆ ಎದುರಿನವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಮೂರನೆಯ ಪ್ರಶ್ನೆ: ‘ಹಾಬಿನಾ, ಬಿಸಿನೆಸ್ಸಾ?’

ಎಂಟು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ಹಾಬಿ ಎಂದರೆ ಬಾಡಿಗೆ ಕೇಳುವ ಮಾಲೀಕರಿಗೆ ಅವಮಾನ. ಬಿಸಿನೆಸ್ ಎಂದರೆ ನನ್ನ ಲೆಕ್ಕಪತ್ರ ನೋಡುವ ಚಾರ್ಟರ್ಡ್ ಅಕೌಂಟೆಂಟ್‌ಗೆ ನಗು.

ಧಾರವಾಡದಲ್ಲಿ ಎಂಜಿನಿಯರಿಂಗ್ ಮುಗಿಸಿ ಇಲ್ಲಿಗೆ ಬಂದವಳು ನಾನು. ಹನ್ನೊಂದು ವರ್ಷ ಸಾಫ್ಟ್‌ವೇರ್. ಶನಿವಾರ ಭಾನುವಾರ ಕೋಥರೂಡಿನ ಒಂದು ತರಗತಿಯಲ್ಲಿ ತಿಗರಿಯ ಮುಂದೆ ಕೂರುತ್ತಿದ್ದೆ. 2017ರಲ್ಲಿ ಕೆಲಸ ಬಿಟ್ಟು ಶೆಡ್ ಹಿಡಿದೆ. ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಆಕೆ ಅಂದದ್ದು ಇಷ್ಟು: “ಅಲ್ಲವಾ, ಸಣ್ಣಾಕಿ ಇದ್ದಾಗ ಮಣ್ಣಾಗ ಆಡಬ್ಯಾಡ ಅಂತ ಬೈತಿದ್ದೆ. ಈಗ ನೌಕರಿ ಬಿಟ್ಟು ಅದನ್ನ ಮಾಡಾಕತ್ತೀಯಲ್ಲ!” ಆಮೇಲೆ ಸ್ವಲ್ಪ ತಡೆದು, “ಹೊಟ್ಟಿ ತುಂಬತೈತಿ ಹೌದಲ್ಲೋ?” ಎಂದಳು. ಈ ಲೇಖನ ಹೆಚ್ಚುಕಡಿಮೆ ಆ ಎರಡನೆಯ ಪ್ರಶ್ನೆಗೆ ಉತ್ತರ.

ಧಾರವಾಡದಿಂದ ಪುಣೆಗೆ ರೈಲಿನಲ್ಲಿ ಬರುವವರು ಲೋಂಡಾ ದಾಟಿದ ಮೇಲೆ ಖಾನಾಪುರ ನೋಡಿರುತ್ತೀರಿ. ಅಲ್ಲಿನ ಮಣ್ಣು ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಆ ಕೆಂಪು ಮಣ್ಣು ಗಡಿಗೆಗೆ, ಹಂಚಿಗೆ ಚಿನ್ನ. ಆದರೆ ನಗರದ ಗಿರಾಕಿಗೆ ಬೇಕಾದದ್ದು ಮೈಕ್ರೋವೇವ್‌ನಲ್ಲಿ ಇಡಬಹುದಾದ, ಚಹಾ ಸೋರದ, ಉಗುರಿನಿಂದ ತಟ್ಟಿದರೆ ಠಣ್ ಎನ್ನುವ ಕಪ್. ಅದಕ್ಕೆ ಸ್ಟೋನ್‌ವೇರ್ ಮಣ್ಣು ಬೇಕು, 1,220 ಡಿಗ್ರಿ ಸೆಲ್ಸಿಯಸ್ ಮೇಲಿನ ಶಾಖ ಬೇಕು. ಮೊದಲು ಸುಮಾರು 950 ಡಿಗ್ರಿಯಲ್ಲಿ ಒಂದು ಸುಡುವಿಕೆ, ಗ್ಲೇಜ್ ಹಚ್ಚಿದ ಮೇಲೆ ಇನ್ನೊಂದು. ಒಣಗುವಾಗ, ಸುಡುವಾಗ ಸೇರಿ ಪಾತ್ರೆ ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ. ನಾವು ಮಾಡುವ ಕಪ್ ಯಾವಾಗಲೂ ನೀವು ಕೊಳ್ಳುವ ಕಪ್ಪಿಗಿಂತ ದೊಡ್ಡದು.

ಈಗ ಲೆಕ್ಕ. ಕಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಲೆಕ್ಕ ಬರೆಯುವುದಿಲ್ಲ. ನಾನು ಬರೆಯುತ್ತೇನೆ, ಏಕೆಂದರೆ ನಿಮ್ಮಲ್ಲಿ ಯಾರೋ ಒಬ್ಬರು ಕೇಕ್, ಕಸೂತಿ, ಫೋಟೊ, ಮರಗೆಲಸ ಇಂಥದ್ದೊಂದನ್ನು ನೆಚ್ಚಿಕೊಂಡು ರಾಜೀನಾಮೆ ಪತ್ರ ಟೈಪ್ ಮಾಡಿ ಇಟ್ಟುಕೊಂಡಿರಬಹುದು.

ಒಂದು ಕಪ್ಪಿಗೆ ಮಣ್ಣು, ಗ್ಲೇಜ್ ಸೇರಿ 30 ರೂಪಾಯಿ. ನನ್ನದು ವಿದ್ಯುತ್ ಆವಿಗೆ. ಒಮ್ಮೆ ಗ್ಲೇಜ್ ಸುಟ್ಟರೆ 75ರಿಂದ 80 ಯೂನಿಟ್. ಒಮ್ಮೆಗೆ 80 ಕಪ್ ಹಿಡಿಸುತ್ತವೆ. ಎರಡೂ ಸುಡುವಿಕೆ ಸೇರಿ ಕಪ್ಪಿಗೆ 15 ರೂಪಾಯಿ ಹಿಡಿಯಿರಿ. ಶೆಡ್ಡಿನ ಬಾಡಿಗೆ 22 ಸಾವಿರ, ಸಹಾಯಕಿಯ ಸಂಬಳ 20 ಸಾವಿರ. ತಿಂಗಳಿಗೆ 300 ಪಾತ್ರೆ ಸಿದ್ಧವಾದರೆ ಒಂದೊಂದರ ಮೇಲೆ 140 ರೂಪಾಯಿ ಬೀಳುತ್ತದೆ. ಒಡೆಯುವುದು, ಸೊಟ್ಟಗಾಗುವುದು, ಗ್ಲೇಜ್ ಗುಳ್ಳೆ ಏಳುವುದು ನೂರಕ್ಕೆ ಹನ್ನೆರಡು. ಪ್ಯಾಕಿಂಗ್ 35. ಎಲ್ಲ ಸೇರಿದರೆ ಸುಮಾರು 245 ರೂಪಾಯಿ. ನಾನು ಅದನ್ನು 450ಕ್ಕೆ ಮಾರುತ್ತೇನೆ. ನೇರವಾಗಿ ಮಾರಿದರೆ ಪರವಾಗಿಲ್ಲ. ಅಂಗಡಿಯಲ್ಲಿಟ್ಟರೆ ಅವರು ನೂರಕ್ಕೆ ನಲವತ್ತು ಇಟ್ಟುಕೊಂಡು 270 ಕೊಡುತ್ತಾರೆ. ಉಳಿಯುವುದು 25 ರೂಪಾಯಿ. ಇದರಲ್ಲಿ ನನ್ನ ಸಂಬಳ ಎಲ್ಲೂ ಬಂದಿಲ್ಲ, ಗಮನಿಸಿ.

‘450 ರೂಪಾಯಿಗೆ ಒಂದು ಕಪ್ಪಾ?’ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಹಾಗೇ ಬೆಳೆದವಳು. ಸಿಟ್ಟು ಬರುವುದು, ‘ನಿಮಗೆ ಇಷ್ಟದ ಕೆಲಸ ಅಲ್ವಾ, ಸ್ವಲ್ಪ ಕಡಿಮೆ ಮಾಡಿ’ ಎನ್ನುವವರ ಮೇಲೆ. ದಂತವೈದ್ಯರಿಗೆ ಯಾರೂ ಹೀಗೆ ಹೇಳಿದ್ದನ್ನು ಕೇಳಿಲ್ಲ.

ಹಾಗಾದರೆ ಶೆಡ್ ನಡೆಯುವುದು ಹೇಗೆ? ವಾರಾಂತ್ಯದ ತರಗತಿಗಳಿಂದ. ಸಾಫ್ಟ್‌ವೇರ್‌ನವರೇ ಬರುತ್ತಾರೆ, ಮೊಣಕೈತನಕ ಕೆಸರು ಮಾಡಿಕೊಂಡು ಸಂತೋಷವಾಗಿ ಹೋಗುತ್ತಾರೆ. ಇಲ್ಲೊಂದು ವಿಷಯ ತಿಳಿದಿರಲಿ. ಬರೀ ಸರಕು ಮಾರುವವರಿಗೆ ಮಹಾರಾಷ್ಟ್ರದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ತರಗತಿ ನಡೆಸುವುದು ಸೇವೆ. ಸರಕಿನ ಜೊತೆ ಸೇವೆಯೂ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಕಪ್ ಮಾರುವವರು ಕಪ್ ಮಾಡುವುದನ್ನು ಕಲಿಸಲು ಶುರುಮಾಡುವ ಮೊದಲು ಒಮ್ಮೆ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಕಲಾವಿದ ಅಂಗಡಿ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದಾರಿಯಲ್ಲೇ ಒಂದು ಉದಾಹರಣೆಯಿದೆ. ಪುಣೆಯಿಂದ ಲೋನಾವಳಕ್ಕೆ ಹೋಗುವ ಲೋಕಲ್ ಮಳವಲಿ ಎಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಕಾರ್ಲಾ, ಭಾಜೆ ಗುಹೆಗಳಿಗೆ ಹೋಗುವವರು ಇಳಿಯುವ ಜಾಗ. ರಾಜಾ ರವಿವರ್ಮನ ಮುದ್ರಣಾಲಯ ಇದ್ದದ್ದು ಅಲ್ಲಿ. 1894ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಶುರುವಾಗಿ ಆಮೇಲೆ ಮಳವಲಿಗೆ ಬಂತು. ನಮ್ಮ ಅಜ್ಜಿಯರ ದೇವರ ಕೋಣೆಯ ಲಕ್ಷ್ಮಿ, ಸರಸ್ವತಿಯರೆಲ್ಲ ಇಂಥ ಅಚ್ಚಿನ ಕಲ್ಲುಗಳಿಂದ ಬಂದವರು. ದೇಶದ ಮನೆಮನೆಗೆ ಚಿತ್ರ ತಲುಪಿಸಿದ ಆ ಮುದ್ರಣಾಲಯ ಮಾತ್ರ ಸಾಲದಲ್ಲಿ ಮುಳುಗಿ, ಕೆಲವೇ ವರ್ಷಗಳಲ್ಲಿ ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್‌ನ ಕೈಗೆ ಹೋಯಿತು. ಮಹಾರಾಜರೇ ಚಿತ್ರ ಬರೆಸಿಕೊಳ್ಳುತ್ತಿದ್ದವನಿಗೂ ಕಾಗದ, ಶಾಯಿ, ಸಂಬಳದ ಲೆಕ್ಕ ಒಗ್ಗಲಿಲ್ಲ.

ಒಗ್ಗಿಸಿಕೊಂಡವರೂ ಇದ್ದಾರೆ. ನಮ್ಮೂರಿನ ಜಿ.ಬಿ. ಜೋಶಿಯವರು ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದರು, 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದರು. ಚಂದಾದಾರರಿಂದ ಹಣ ಸೇರಿಸಿ ಪುಸ್ತಕ ತರುವ ಪದ್ಧತಿ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಬಂದದ್ದು ಅಲ್ಲಿಂದಲೇ. ಸುಭಾಷ್ ರಸ್ತೆಯ ಆ ಅಟ್ಟದ ಕೆಳಗೆ ಶಾಲೆಗೆ ಹೋಗುವಾಗ ನೂರಾರು ಸಲ ನಡೆದಿದ್ದೇನೆ. ಅದು ಸಾಹಿತ್ಯದ ಜಾಗ ಎಂದು ಗೊತ್ತಿತ್ತು. ಅದು ಒಂದು ಸಣ್ಣ ಉದ್ದಿಮೆ ಕೂಡ, ಅದಕ್ಕೂ ಅಂಚೆ ಖರ್ಚು, ಬಾಕಿ ವಸೂಲಿ ಇತ್ತು ಎಂದು ಹೊಳೆದದ್ದು ನನ್ನ ಶೆಡ್ಡಿಗೆ ಬೀಗ ಕೊಂಡ ಮೇಲೆ.

ನನ್ನ ಕಸುಬಿನಲ್ಲೇ ನೋಡುವುದಾದರೆ ಬರ್ನಾರ್ಡ್ ಲೀಚ್. 1920ರಲ್ಲಿ ಜಪಾನಿನ ಹಮಾದಾ ಶೋಜಿಯ ಜೊತೆ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಿಕೆ ಶುರು ಮಾಡಿದ. ದೊಡ್ಡ ಹೆಸರು, ಆದರೆ ಬಹಳ ವರ್ಷ ಹಣದ ಮುಗ್ಗಟ್ಟು. ಆತನ ಮಗ ಡೇವಿಡ್ ಸ್ಟೋಕ್‌ಗೆ ಹೋಗಿ ಕಾರ್ಖಾನೆಯ ರೀತಿನೀತಿ ಕಲಿತು ಬಂದ ಮೇಲೆ ಅವರು ‘ಸ್ಟ್ಯಾಂಡರ್ಡ್ ವೇರ್’ ಎಂದು ದಿನಬಳಕೆಯ ಬಟ್ಟಲು, ಜಗ್, ತಟ್ಟೆಗಳನ್ನು ಒಂದೇ ಅಳತೆಯಲ್ಲಿ ಮಾಡಿ, ಕ್ಯಾಟಲಾಗ್ ಅಚ್ಚುಹಾಕಿಸಿ ಮಾರಿದರು. ಅದರ ಹಣದಿಂದ ಲೀಚ್ ತನ್ನ ಮನಸ್ಸಿನ ಹೂಜಿಗಳನ್ನು ಮಾಡಿದ. ದಿನಬಳಕೆಯ ಪಾತ್ರೆಯ ಮೇಲೆ ಕುಂಬಾರಿಕೆಯ ಮುದ್ರೆ ಮಾತ್ರ. ಹೂಜಿಯ ಮೇಲೆ ಆತನ ಸ್ವಂತ ಮುದ್ರೆ.

ನನ್ನ ಹೂಜಿ ಎಂದರೆ ಹರವಿ. ನಮ್ಮ ಕಡೆ ನೀರು, ಕಾಳು ತುಂಬಿಡುತ್ತಿದ್ದ ದೊಡ್ಡ ಹೊಟ್ಟೆಯ ಪಾತ್ರೆ. ಎರಡು ವರ್ಷಗಳಿಂದ ಅದರ ಆಕಾರದ ಹಿಂದೆ ಬಿದ್ದಿದ್ದೆ. ಐದು ಹರವಿಗಳು, ಒಂದೊಂದು ಒಂದೂವರೆ ಅಡಿ ಎತ್ತರ, ಜನವರಿಯ ಒಂದು ಗುಂಪು ಪ್ರದರ್ಶನಕ್ಕೆ.

ಆಗ ಬಂತು ಆರ್ಡರ್. ಕಳೆದ ವರ್ಷ ಆಗಸ್ಟ್, ಮಳೆಗಾಲ. ಕಾಫಿ ಅಂಗಡಿಗಳ ಒಂದು ಸಣ್ಣ ಸರಣಿ, ಹೆಸರು ಬೇಡ. ಎಂಟುನೂರು ಕಪ್. ಒಂದೇ ಅಳತೆ, ಒಂದೇ ಬೂದು ನೀಲಿ, ಕಪ್ಪಿಗೆ 330 ರೂಪಾಯಿ, 45 ದಿನ, ದೀಪಾವಳಿಯೊಳಗೆ. ಒಟ್ಟು 2,64,000 ರೂಪಾಯಿ. ಮಣ್ಣು, ವಿದ್ಯುತ್, ಪ್ಯಾಕಿಂಗ್ ಕಳೆದರೆ ಐದು ತಿಂಗಳ ಬಾಡಿಗೆ ಮತ್ತು ಸಂಬಳ. ಅಂಥ ಹೊತ್ತಿನಲ್ಲಿ ‘ನಾನು ಕಲಾವಿದೆ’ ಎಂದು ಬೆನ್ನು ತಿರುಗಿಸುವುದು ಸಿನಿಮಾದಲ್ಲಿ ಚೆನ್ನಾಗಿರುತ್ತದೆ. ಹಿಂದಿನ ಎರಡು ತಿಂಗಳು ನನ್ನ ಉಳಿತಾಯದಿಂದ ಬಾಡಿಗೆ ಕಟ್ಟಿದ್ದೆ.

ತೊಡಕಿದ್ದದ್ದು ಆವಿಗೆಯಲ್ಲಿ. ಎಂಟುನೂರು ಒಳ್ಳೆಯ ಕಪ್ ಬೇಕೆಂದರೆ 910 ಮಾಡಬೇಕು. ಮೊದಲ ಸುಡುವಿಕೆ ಏಳು ಸಲ, ಗ್ಲೇಜ್ ಹನ್ನೆರಡು ಸಲ, ಒಟ್ಟು ಹತ್ತೊಂಬತ್ತು. ಏರಲು ಹತ್ತು ತಾಸು, ಆರಲು ಒಂದು ದಿನ. ಒಂದೊಂದಕ್ಕೆ ಎರಡು ದಿನ. ಮೂವತ್ತೆಂಟು ದಿನ ಆವಿಗೆ ಕಪ್ಪಿನದೇ. ಹರವಿಗಳಿಗೆ ಉಳಿಯುವುದು ಏಳು ದಿನ, ಅದೂ ಒಣಗಿದರೆ. ಪುಣೆಯ ಆಗಸ್ಟಿನಲ್ಲಿ ಸೀರೆಯೇ ಒಣಗುವುದಿಲ್ಲ.

ನನ್ನ ಸಹಾಯಕಿಯ ಬಗ್ಗೆ ಇಲ್ಲಿ ಹೇಳಬೇಕು. ಮಾವಶಿ ಎನ್ನುತ್ತೇನೆ. ಐವತ್ತೆರಡು ವಯಸ್ಸು, ಕೇಶವನಗರದ ಕುಂಬಾರ ಮನೆತನ. ಪುಣೆ ಪೇಟೆಯ ಕುಂಬಾರರು ನಗರ ಬೆಳೆದಂತೆ ಹೋಗಿ ನೆಲೆಸಿದ ಜಾಗ ಅದು. ಈಗ ಅದರ ಸುತ್ತಲೂ ಹದಿನೈದು ಅಂತಸ್ತಿನ ಕಟ್ಟಡಗಳು. ಮಣ್ಣು ಹದ ಮಾಡುವುದರಲ್ಲಿ ಮಾವಶಿಯನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಆದರೆ ತಿಗರಿಯ ಮೇಲೆ ಕೂತವರಲ್ಲ. ಅವರ ಮನೆಯಲ್ಲಿ ಹೆಂಗಸರು ಮಣ್ಣು ತುಳಿಯುತ್ತಾರೆ, ಹಣತೆ ಒತ್ತುತ್ತಾರೆ, ಬಣ್ಣ ಬಳಿಯುತ್ತಾರೆ. ಚಕ್ರ ಮುಟ್ಟುವುದು ಗಂಡಸರು. ನಮ್ಮ ಕಡೆಯೂ ಬಹಳ ಊರುಗಳಲ್ಲಿ ಹಾಗೇ.

ಕಾಗದದ ಮೇಲೆ ನಾನು ದಿನಗಳನ್ನು ಕೂಡಿ ಕಳೆಯುತ್ತಾ ಕೂತಿದ್ದೆ. ಎಂಟುನೂರೋ, ಐದೋ ಎಂದು ಮಾವಶಿಗೆ ಹೇಳಿದೆ. ಅವರು ಮರಾಠಿಯಲ್ಲಿ ಅಂದರು, “ತಾಯಿ, ನಮ್ಮ ಮನೇಲಿ ಯಾರೂ ಒಂದೇ ಒಂದು ಗಡಿಗೆ ಮಾಡಿದ್ದು ನಾ ನೋಡಿಲ್ಲ. ಆವಿಗೆ ಹಚ್ಚಿದರೆ ಎಲ್ಲ ಒಟ್ಟಿಗೇ ಹೋಗುತ್ತೆ. ದೊಡ್ಡದು ನಡುವೆ, ಸಣ್ಣದು ಸಂದಿಯಲ್ಲಿ.”

ಮಾಡಿದ್ದು ಅದನ್ನೇ. ಹರವಿಗೆ ನಿಧಾನ ಶಾಖ ಬೇಕು. 573 ಡಿಗ್ರಿಯ ಸುಮಾರಿಗೆ ಮಣ್ಣಿನೊಳಗಿನ ಸ್ಫಟಿಕದ ರಚನೆ ಬದಲಾಗಿ ಹಿಗ್ಗುತ್ತದೆ, ದಪ್ಪ ಪಾತ್ರೆ ಅಲ್ಲಿ ಬಿರಿಯುತ್ತದೆ. ಕಪ್ಪಿಗೆ ನಿಧಾನವಾದರೆ ನಷ್ಟವಿಲ್ಲ. ಹಾಗಾಗಿ ಗ್ಲೇಜಿನ ಕೆಲವು ಸುಡುವಿಕೆಗಳಲ್ಲಿ ನಡುವೆ ಒಂದು ಹರವಿ, ಮೂಲೆಗಳಲ್ಲಿ ಮೂವತ್ತರ ಆಸುಪಾಸು ಕಪ್. ನಾಲ್ಕು ತಾಸು ಹೆಚ್ಚು, ವಿದ್ಯುತ್ ಬಿಲ್ಲೂ ಹೆಚ್ಚು. ಕಾಫಿಯವರ ಜೊತೆ ಎರಡು ಸಲ ಮಾತಾಡಿ ಒಪ್ಪಂದ ಬದಲಿಸಿಕೊಂಡೆ: 500 ದೀಪಾವಳಿಯೊಳಗೆ, 300 ಡಿಸೆಂಬರ್ ಕೊನೆಗೆ, ನೂರಕ್ಕೆ ನಲವತ್ತು ಮುಂಗಡ. ಹೆದರಿಕೊಂಡೇ ಕೇಳಿದ್ದೆ, ಅವರು ಅರ್ಧ ನಿಮಿಷ ಕೂಡ ಯೋಚಿಸಲಿಲ್ಲ.

ಕೈ ಮಾತ್ರ ಸಾಲಲಿಲ್ಲ. ಸೆಪ್ಟೆಂಬರ್ ಎರಡನೇ ವಾರ ನನ್ನ ಬಲ ಹೆಬ್ಬೆರಳು ಮಡಚಲು ಬಾರದ ಸ್ಥಿತಿಗೆ ಬಂತು. ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮಾವಶಿ ಎರಡನೆಯ ತಿಗರಿಯ ಮುಂದೆ ಕೂತಿದ್ದರು. ಹಲಗೆಯ ಮೇಲೆ ಹನ್ನೊಂದು ಕಪ್. ಒಂಬತ್ತು ಸೊಟ್ಟ, ಎರಡು ಸರಿ. ನಾಲ್ಕು ದಶಕ ಪಕ್ಕದಲ್ಲಿ ಕೂತು ನೋಡಿದ ಕೆಲಸ ಅದು. ಕೈಗೆ ಇಳಿಯಲು ಮೂರು ವಾರ ಸಾಕಾಯಿತು. ಎಂಟುನೂರರಲ್ಲಿ ಮುನ್ನೂರಕ್ಕೂ ಹೆಚ್ಚು ಅವರವು. ಮನೆಯಲ್ಲಿ ಹೇಳಿದಿರಾ ಎಂದು ಕೇಳಿದೆ. “ಸಂಬಳ ಎರಡು ಸಾವಿರ ಹೆಚ್ಚಾಗಿದೆ ಅಂತ ಹೇಳಿದೆ” ಎಂದರು. ಹೆಚ್ಚು ಮಾಡಿರಲಿಲ್ಲ. ಆ ತಿಂಗಳಿಂದ ಮಾಡಿದೆ.

ಒಂದೇ ಕಪ್ಪನ್ನು ನೂರಾರು ಸಲ ಮಾಡುವುದು ಬೇಸರದ ಕೆಲಸ ಎಂದು ನಾನು ತಿಳಿದಿದ್ದೆ, ಅದು ನಿಜವೂ ಹೌದು. 1925ರಲ್ಲಿ ‘ಮಿಂಗೇ’ ಎಂಬ ಪದವನ್ನು ಚಲಾವಣೆಗೆ ತಂದ ಜಪಾನಿನ ಯಾನಗಿ ಸೋಎತ್ಸು ಮತ್ತು ಗೆಳೆಯರು ಹೆಸರಿಲ್ಲದ ಕುಶಲಿಗರ ಪುನರಾವರ್ತನೆಯಲ್ಲೇ ಸೌಂದರ್ಯ ಕಂಡರು. ಯಾನಗಿ ವಿಚಾರವಂತ, ಕುಂಬಾರನಲ್ಲ; ಅವನ ಹೆಬ್ಬೆರಳು ಊದಿರಲಿಕ್ಕಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಆರುನೂರನೇ ಕಪ್ ದಾಟಿದ ಮೇಲೆ ಅಂಚು ಎಳೆಯುವಾಗ ಯೋಚನೆ ನಿಂತುಹೋಯಿತು. ಅದಾದ ಮೇಲೆ ಮಾಡಿದ ನಾಲ್ಕನೆಯ, ಐದನೆಯ ಹರವಿಗಳ ಕುತ್ತಿಗೆ ಮೊದಲ ಮೂರಕ್ಕಿಂತ ಸ್ಪಷ್ಟವಾಗಿ ಚೆನ್ನಾಗಿದೆ. ಎರಡು ವರ್ಷ ಹುಡುಕಿದ ಗೆರೆ ಕಾಫಿ ಕಪ್ಪಿನ ದಾರಿಯಲ್ಲಿ ಸಿಕ್ಕಿತು.

ಹರಿಹರನ ರಗಳೆಯ ಕುಂಬಾರ ಗುಂಡಯ್ಯ ಗಡಿಗೆ ತಟ್ಟುವ ಲಯಕ್ಕೆ ಶಿವನೇ ಕುಣಿದನಂತೆ. ಗುಂಡಯ್ಯ ತಟ್ಟುತ್ತಿದ್ದದ್ದು ಮಾರುವ ಗಡಿಗೆಯನ್ನೇ ಇರಬೇಕು.

ಎಲ್ಲವೂ ಹೀಗೆ ಸುಖವಾಗಿ ಮುಗಿಯಲಿಲ್ಲ. ಮೊದಲ ಹರವಿ ಮೊದಲ ಸುಡುವಿಕೆಯಲ್ಲೇ ಬುಡದಿಂದ ಬಿರಿಯಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎನ್ನುತ್ತೇವೆ. ನನ್ನ ವಿಷಯದಲ್ಲಿ ದೊಣ್ಣೆಯೂ ಬೇಕಾಗಲಿಲ್ಲ. ಉಳಿದ ನಾಲ್ಕು ಪ್ರದರ್ಶನಕ್ಕೆ ಹೋದವು. ಒಂದು 28 ಸಾವಿರಕ್ಕೆ ಮಾರಾಟವಾಯಿತು; ಗ್ಯಾಲರಿಯ ಪಾಲು ಕಳೆದು ಕೈಗೆ ಬಂದದ್ದು 16,800. ಮೂರು ವಾಪಸ್ ಬಂದವು. ಒಂದರಲ್ಲಿ ಈಗ ಛತ್ರಿ ಇಟ್ಟಿದ್ದೇವೆ. ಅವ್ವ ಫೋಟೊ ನೋಡಿ, “ಛತ್ರಿ ಯಾಕ, ಜ್ವಾಳ ತುಂಬು” ಎಂದಳು.

ಕಾಫಿಯವರು ಮುಂಗಡ ಬಿಟ್ಟು ಉಳಿದ ಹಣವನ್ನು ಕೊಡದೆ ಮಾರ್ಚ್‌ವರೆಗೆ ಎಳೆದರು. ಉದ್ಯಮ್ ನೋಂದಣಿ ಎಂಬುದೊಂದು ಉಚಿತವಾಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ನಾನು 2021ರಲ್ಲೇ ಮಾಡಿಸಿ, ಬಿಲ್ಲಿನ ಮೇಲೆ ಸಂಖ್ಯೆ ಅಚ್ಚುಹಾಕಿಸಿದ್ದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಇಂಥ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈಗ ಆದಾಯ ತೆರಿಗೆಯಲ್ಲೂ ಬಿಗಿಯಿದೆ: ಅವಧಿ ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಇಷ್ಟನ್ನೂ ಸೌಮ್ಯವಾಗಿ, ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದೆ. ಮಾರ್ಚ್ 28ಕ್ಕೆ ಹಣ ಬಂತು. ಬಡ್ಡಿ ಬರಲಿಲ್ಲ, ನಾನೂ ಕೇಳಲಿಲ್ಲ.

ಮೇ ತಿಂಗಳಲ್ಲಿ ಅವರದೇ ಒಂದು ಅಂಗಡಿಗೆ ಹೋದಾಗ ಹೊಸ ಕಪ್ ಕಂಡೆ. ಅದೇ ಆಕಾರ, ಅದೇ ಬೂದು ನೀಲಿ, ಹಿಡಿಕೆ ಮಾತ್ರ ಅಚ್ಚಿನಲ್ಲಿ ಹಾಕಿದ್ದು. ಎಲ್ಲೋ ಕಾರ್ಖಾನೆಯಲ್ಲಿ ಮಾಡಿಸಿದ್ದಾರೆ, ನನ್ನ ಬೆಲೆಯ ಕಾಲು ಭಾಗವೂ ಆಗಿರಲಿಕ್ಕಿಲ್ಲ. ನಮ್ಮ ಕಾನೂನು ಇಲ್ಲಿ ವಿಚಿತ್ರ. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಅದರ ಮೇಲಿನ ಕೃತಿಸ್ವಾಮ್ಯ ಹೋಗುತ್ತದೆ. ತಿಗರಿಯಲ್ಲಿ ಮಾಡಿದ್ದು ‘ಕೈಗಾರಿಕಾ ವಿಧಾನ’ವೇ ಎಂದು ವಕೀಲರು ವಾದಿಸಬಹುದು, ಒಂದು ಕಾಫಿ ಕಪ್ಪಿಗಾಗಿ ನಾನು ವಾದಿಸಲಾರೆ. ನಿಜ ಹೇಳಬೇಕೆಂದರೆ ಆ ಕಪ್ ನೋಡಿ ಹೊಟ್ಟೆ ಉರಿಯಿತು, ಮತ್ತೆ ಎಂಟುನೂರು ಮಾಡಬೇಕಿಲ್ಲ ಎಂದು ಸ್ವಲ್ಪ ಹಗುರವೂ ಆಯಿತು. ಎರಡೂ ಒಟ್ಟಿಗೇ. ಕಾಫಿ ಕುಡಿದೆ, ದುಡ್ಡು ಕೊಟ್ಟೆ, ಬಂದೆ.

ಈಗ ದೊಡ್ಡ ಆರ್ಡರ್ ವರ್ಷಕ್ಕೆ ಎರಡು, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಮಾದರಿ ಕೇಳಿದವರಿಗೆ ಬೆಲೆ ಹಾಕಿಯೇ ಕೊಡುತ್ತೇನೆ. ಪಾತ್ರೆಗಳ ಬುಡದಲ್ಲಿ ಶೆಡ್ಡಿನ ಮುದ್ರೆ ಒತ್ತುತ್ತೇವೆ. ತಮ್ಮ ಕಪ್‌ಗಳ ಹಿಡಿಕೆಯ ಕೆಳಗೆ ಮಾವಶಿ ಹೆಬ್ಬೆರಳಿನ ಒಂದು ಸಣ್ಣ ಗುರುತು ಇಡತೊಡಗಿದ್ದಾರೆ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಕಳೆದ ತಿಂಗಳು ಒಬ್ಬ ಗಿರಾಕಿ ಹಲಗೆಯ ಮೇಲಿನ ಕಪ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಆ ಗುರುತಿದ್ದ ನಾಲ್ಕನ್ನೇ ಆರಿಸಿಕೊಂಡು ಹೋದರು.

ಶೆಡ್ಡಿನ ಕರಾರು ಬರುವ ತಿಂಗಳು ಮುಗಿಯುತ್ತದೆ. ಮಾಲೀಕರು ನೂರಕ್ಕೆ ಹತ್ತು ಹೆಚ್ಚು ಕೇಳಿದ್ದಾರೆ. ಕೊಡಬೇಕೋ, ಇನ್ನೂ ದೂರದ ನರ್‍ಹೆಯಲ್ಲಿ ಜಾಗ ನೋಡಬೇಕೋ ತೀರ್ಮಾನವಾಗಿಲ್ಲ. ದೂರ ಹೋದರೆ ಮಾವಶಿಗೆ ಇನ್ನೊಂದು ಬಸ್ಸು ಬದಲಿಸಬೇಕಾಗುತ್ತದೆ. ಸದ್ಯ ಆವಿಗೆಯಲ್ಲಿ ಒಂದು ಹರವಿ, ಇಪ್ಪತ್ತೆಂಟು ಕಪ್ ಇವೆ. ನಾಳೆ ಮಧ್ಯಾಹ್ನ ನೂರು ಡಿಗ್ರಿಗೆ ಇಳಿದ ಮೇಲೆ ಬಾಗಿಲು ತೆಗೆಯಬೇಕು.